ಬ್ಲಾಂಶಳ ಗುರುವಾರಗಳು

ಆಕಸ್ಮಿಕ ಭೇಟಿಗೆ ಹೊರಡುವ ದಿನ ಪ್ಯಾರಿಸ್ಸಿನ ‘ದ ಮೊರ್ವಾಲ್’ ಮನೆತನದವರ ಮನೆಯಲ್ಲಿ ಬೆಳಗಿನಿಂದಲೇ ಗಡಿಬಿಡಿ. ಎದ್ಮೆಗೆ ಹೊಸ ಕೈಗವಸು ಬಂದಿತ್ತು. ಕೂದಲು ಸುರುಳಿ ಮಾಡುವವಳು ಬಂದುಹೋಗಿದ್ದಳು. ಅಜ್ಜಿ ಸಿದೊನಿ ಹಾಸಿಗೆಯಲ್ಲಿ ಕೂತೇ ಗಂಟೆ ಬಾರಿಸಿ, ಗಾಡಿ ತೊಳೆದಾಯಿತೇ ಎಂದು ಮತ್ತೆ ಮತ್ತೆ ವಿಚಾರಿಸಿದ್ದರು. ಆದರೆ ಇದೆಲ್ಲ ಯಾತಕ್ಕೆಂದು ಮಾತ್ರ ಯಾರೂ ಬಾಯಿ ಬಿಡುವಂತಿಲ್ಲ. ಹುಡುಗಿಗೆ ಗಂಡು ತೋರಿಸುತ್ತೇವೆ ಎಂದುಬಿಟ್ಟರೆ ಅದು ವ್ಯಾಪಾರವಾಗುತ್ತದೆ. ಪ್ಯಾರಿಸ್ಸಿನ ದೊಡ್ಡ ಮನೆಗಳಲ್ಲಿ ವ್ಯಾಪಾರ ಮಾಡುವುದಿಲ್ಲ. ಎರಡೂ ಕಡೆಯವರು ಮೊದಲೇ ಮಾತಾಡಿಕೊಂಡು, ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಹೋಗಿ, ಅಲ್ಲಿ ಎದುರುಬದುರಾಗಿ ಆಶ್ಚರ್ಯಪಡುತ್ತಾರೆ, ಅಷ್ಟೇ.

"ಅಮ್ಮಾ, ಇವತ್ತು ನಾನು ಯಾರನ್ನ ಆಕಸ್ಮಿಕವಾಗಿ ನೋಡ್ಬೇಕು?" ಎಂದಳು ಎದ್ಮೆ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ.

"ಸುಮ್ನೆ ತಿನ್ನು. ಚಿತ್ರ ನೋಡೋಕೆ ಹೋಗ್ತಿದೀವಿ."

"ಹೋದ ವರ್ಷ ಸಂಗೀತ ಕೇಳೋಕೆ ಹೋಗಿದ್ವಿ. ಅದಕ್ಕೂ ಮುಂಚೆ ಅನಾಥಾಲಯದ ಸಹಾಯಾರ್ಥ ಸೂಜಿದಿಂಬು ಮಾರೋಕೆ ಹೋಗಿದ್ವಿ. ನನ್ನ ಸೂಜಿದಿಂಬು ಕೊಂಡ್ಕೊಂಡ ಪುಣ್ಯಾತ್ಮ ಬ್ಯಾಂಕಿನವರ ಮಗಳನ್ನ ಕಟ್ಕೊಂಡು ಹಾಯಾಗಿದಾನೆ."

ಪತ್ರಿಕೆಯ ಹಿಂದೆ ಕೂತಿದ್ದ ಅಪ್ಪ ಎಮಾರ್ ನಕ್ಕುಬಿಟ್ಟು, ಹೆಂಡತಿ ನೋಡಿದ ಕೂಡಲೇ ಅದನ್ನು ಕೆಮ್ಮಾಗಿ ಮಾಡಿಕೊಂಡ.

ಬ್ಲಾಂಶ್ ಮಗಳ ಮೇಲೆ ರೇಗಲಿಲ್ಲ. ಅವಳಿಗೂ ಈ ಆಕಸ್ಮಿಕದ ನಾಟಕಗಳ ಮೇಲೆ ಒಳಗೊಳಗೇ ತಾತ್ಸಾರವಿತ್ತು. ಯಾಕೆಂದರೆ ಅವಳ ಮದುವೆ ಹಾಗಾಗಿದ್ದಲ್ಲ. ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ, ತ್ವಿಲರಿ ಉದ್ಯಾನದ ದುಂಡು ಕೊಳದ ಹತ್ತಿರ ಅವಳ ಟೋಪಿ ಗಾಳಿಗೆ ಹಾರಿತ್ತು. ಕಪ್ಪು ಕೋಟಿನ ಒಬ್ಬ ಯುವಕ ಓಡಿಬಂದು, ಅದು ನೀರಿಗೆ ಬೀಳುವ ಮುಂಚೆ ಹಿಡಿದುಕೊಟ್ಟಿದ್ದ. ಅವನೇ ಎಮಾರ್. ಅತ್ತೆಯ ಮದುವೆ ವಕೀಲರ ಕೋಣೆಯಲ್ಲಿ ಕುದುರಿದ್ದು, ನಾದಿನಿ ಲಿಯೊಂತಿನಳದು ಇಗರ್ಜಿಯ ಮೆಟ್ಟಿಲ ಮೇಲೆ. ಇಡೀ ಮನೆತನದಲ್ಲಿ ಗಾಳಿ ಮಾಡಿಸಿದ ಮದುವೆ ಎಂದರೆ ಬ್ಲಾಂಶಳದೊಂದೇ. ಮದುವೆಯ ವಾರ್ಷಿಕದ ಊಟದಲ್ಲಿ ಪ್ರತಿ ವರ್ಷ ಅವಳು ಆ ಕಥೆ ಹೇಳುತ್ತಿದ್ದಳು. ಮನೆ ಅತ್ತೆಯದು, ಬೆಳ್ಳಿ ಪಾತ್ರೆ ಅತ್ತೆಯದು, ಅಡುಗೆಯ ಯುಲಾಲಿಗೆ ಏನು ಬೇಯಿಸಬೇಕೆಂದು ಹೇಳುವವರೂ ಅತ್ತೆಯೇ. ಬ್ಲಾಂಶಳದು ಎಂದು ಹೇಳಿಕೊಳ್ಳುವುದಕ್ಕೆ ಇದ್ದದ್ದು ಆ ಕಥೆ ಮತ್ತು ಗುರುವಾರ ಮಧ್ಯಾಹ್ನ, ಅವಳ ಹೆಸರಿನಲ್ಲಿ ನೆಂಟರಿಷ್ಟರಿಗೆ ಮನೆ ತೆರೆದಿಡುವ ದಿನ.

ಚಿತ್ರಶಾಲೆಯಲ್ಲಿ ಲಿಯೊಂತಿನ್ ಇರಲಿಲ್ಲ. ಹುಡುಗನನ್ನು ಬಲ್ಲವಳು ಅವಳೊಬ್ಬಳೇ. "ಹಸುಗಳ ಚಿತ್ರದ ಮುಂದೆ ನಿಂತಿರ್ತಾನೆ. ಒಳ್ಳೇ ಮನೆತನ, ಬೇಕಾದಷ್ಟು ಜಮೀನು," ಎಂದಷ್ಟೇ ಹೇಳಿದ್ದಳು. ಹಸುಗಳ ಚಿತ್ರ ಸಿಕ್ಕಿತು. ಗೋಡೆಯಷ್ಟು ದೊಡ್ಡದು. ಅದರ ಮುಂದೆ ನಿಜವಾಗಿಯೂ ಒಬ್ಬ ನಿಂತಿದ್ದ. ಎತ್ತರದ ಆಳು, ಒಳ್ಳೆಯ ಕೋಟು, ಬಿಸಿಲಿಗೆ ಕೆಂಪಾದ ಕತ್ತು. ಬ್ಲಾಂಶ್ ಪದ್ಧತಿಯಂತೆ ಕೈಯಲ್ಲಿದ್ದ ಚಿತ್ರಪಟ್ಟಿಯನ್ನು ಬೀಳಿಸಿದಳು. ಅವನು ಪದ್ಧತಿಯಂತೆ ಎತ್ತಿಕೊಟ್ಟ.

"ಚೆನ್ನಾಗಿದೆ ಅಲ್ವಾ ಚಿತ್ರ?" ಎಂದಳು ಬ್ಲಾಂಶ್.

"ಚೆನ್ನಾಗಿದೆ. ಆದ್ರೆ ಆ ಎಡಗಡೆಯದು ಬದುಕಲ್ಲ ಮೇಡಂ," ಎಂದ ಅವನು ಗಂಭೀರವಾಗಿ. "ಹೊಟ್ಟೆ ಉಬ್ಬರಿಸಿದೆ ನೋಡಿ. ಹಸಿ ಹುಲ್ಲು ಜಾಸ್ತಿ ತಿಂದಿದೆ."

ಎದ್ಮೆ ಹಿಂದಿನಿಂದ ಕಿಸಕ್ಕನೆ ನಕ್ಕಳು. "ಮತ್ತೆ ಬಲಗಡೆಯದು?"

"ಅದು ಆರೋಗ್ಯವಾಗಿದೆ. ಆದ್ರೆ ಅಹಂಕಾರ ಜಾಸ್ತಿ."

"ಅದು ನಮ್ಮ ಲಿಯೊಂತಿನ್ ಅತ್ತೆ ಥರ ಇದೆ," ಎಂದಳು ಎದ್ಮೆ.

ಬ್ಲಾಂಶ್ ಗದರಿಸಬೇಕಿತ್ತು. ಗದರಿಸಲಿಲ್ಲ. ಮೂರನೇ ಹುಡುಗನ ಸರದಿಗಾದರೂ ಮಗಳು ಬಾಯಿ ಬಿಟ್ಟಳಲ್ಲ ಎಂದು ಸಮಾಧಾನವಾಯಿತು. ಮೂವರೂ ಆ ಕೋಣೆಯ ಚಿತ್ರಗಳನ್ನೆಲ್ಲ ನೋಡಿದರು, ಮತ್ತೆ ತಿರುಗಿ ಹಸುಗಳ ಹತ್ತಿರವೇ ಬಂದರು. ಹೆಸರನ್ನು ಅವರಾಗಿ ಕೇಳುವ ಹಾಗಿಲ್ಲ. ಆಕಸ್ಮಿಕವಾಗಿ ಸಿಕ್ಕವರ ಹೆಸರು ಕೇಳುವುದೆಂದರೆ ಒಳಗಿನ ಏರ್ಪಾಡನ್ನು ಬಯಲಿಗೆ ತಂದ ಹಾಗೆ. ಹೊರಡುವಾಗ ಬ್ಲಾಂಶ್ ತನ್ನ ವಿಳಾಸದ ಕಾರ್ಡು ಕೊಟ್ಟು, "ಗುರುವಾರ ನಾನು ಮನೇಲಿರ್ತೀನಿ," ಎಂದಳು. ಅವನು ಆ ಕಾರ್ಡನ್ನು ಎರಡು ಕೈಯಲ್ಲೂ ಹಿಡಿದುಕೊಂಡ.

ರಾತ್ರಿಯ ಊಟಕ್ಕೆ ಮೀನಿನ ಸೂಪು ಬಂದಿತ್ತಷ್ಟೆ, ಲಿಯೊಂತಿನ್ ಟೋಪಿ ಕೂಡ ತೆಗೆಯದೆ ಒಳಗೆ ನುಗ್ಗಿದಳು.

"ಎಲ್ಲಿ ಸತ್ತಿದ್ರಿ ನೀವಿಬ್ರೂ? ವಿಕೋಂತ್ ಗೊಂತ್ರಾಂ ಹಸುಗಳ ಮುಂದೆ ನಿಂತು ನಿಂತು ಕಾಲು ನೋಯಿಸ್ಕೊಂಡು ಮನೆಗೆ ಹೋದ. ನನ್ನ ಗಾಡಿ ಸೇತುವೆ ಮೇಲೆ ಸಿಕ್ಕಿಹಾಕ್ಕೊಂಡಿತ್ತು, ನಾನು ಬರೋ ಹೊತ್ತಿಗೆ ಅವನ ಮುಖ ಹುಳ್ಳಗಾಗಿತ್ತು!"

"ಹಸುಗಳ ಮುಂದೇನೇ ಇದ್ವಲ್ಲ," ಎಂದಳು ಬ್ಲಾಂಶ್. "ಅವರ ಜೊತೆ ಮಾತೂ ಆಡಿದ್ವಿ. ಎತ್ತರಕ್ಕಿದ್ದಾರೆ."

"ಎತ್ತರ? ಗೊಂತ್ರಾಂ ನನ್ನ ಭುಜಕ್ಕೆ ಬರ್ತಾನೆ! ಯಾವ ಹಸುಗಳು? ಕೊನೇ ಕೋಣೆ ಹಸುಗಳಾ?"

"ಮೂರನೇ ಕೋಣೆದು."

ಆ ವರ್ಷ ಪ್ರದರ್ಶನದಲ್ಲಿ ಎರಡು ಕಡೆ ಹಸುಗಳಿದ್ದವು.

"ಹಾಗಾದ್ರೆ ನೀನು ಕಾರ್ಡು ಕೊಟ್ಟಿದ್ದು ಯಾರಿಗೆ?" ಎಂದರು ಸಿದೊನಿ. "ಹೆಸರು ಕೇಳ್ಲಿಲ್ವಾ?"

"ಆಕಸ್ಮಿಕ ಭೇಟಿಲಿ ಹೆಸರು ಹೇಗೆ ಕೇಳೋದು ಅತ್ತೆ?"

ಎಮಾರ್ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡ. ಎದ್ಮೆ ಮಾತ್ರ ಚಮಚ ಕೆಳಗಿಟ್ಟು, ಒಂದು ಥರ ನಿಧಾನವಾಗಿ, "ಅಂದ್ರೆ ಅವರು ನಿಜವಾಗ್ಲೂ ಹಸು ನೋಡೋಕೇ ಬಂದಿದ್ರು," ಎಂದಳು. ಅವಳ ಮುಖ ಅರಳಿದ್ದು ಬ್ಲಾಂಶಳ ಕಣ್ಣಿಗೆ ಬಿತ್ತು.

ಗುರುವಾರ ಅವನು ಬಂದ. ಬಾಗಿಲಿನ ಸೇವಕ ಫಿರ್ಮಾಂ ಹೆಸರು ಕೂಗಿದ: ಮುಸ್ಯು ಆನ್ಸೆಲ್ಮ್ ವೆರ್ದಿಯೆ. ಹೆಸರಿನ ಮುಂದೆ ಎಲ್ಲರಿಗೂ ಹಚ್ಚುವ ಮುಸ್ಯು ಬಿಟ್ಟರೆ ವಿಕೋಂತ್‌ನಂಥ ಬಿರುದಿಲ್ಲ, ನಡುವೆ ಕುಲೀನರ ಗುರುತಾದ ಒಂದು 'ದ' ಕೂಡ ಇಲ್ಲ. ದಿವಾನಖಾನೆಯ ಮೂಲೆಯ ಕುರ್ಚಿಯಿಂದ ಸಿದೊನಿ ಅವನನ್ನು ತಲೆಯಿಂದ ಬೂಟಿನವರೆಗೆ ನೋಡಿದರು. ಇಂಥ ಭೇಟಿಯಲ್ಲಿ ಒಂದು ಲೋಟ ಚಹಾ ಕುಡಿದು, ಹವಾಮಾನದ ಬಗ್ಗೆ ನಾಲ್ಕು ಮಾತಾಡಿ ಎದ್ದುಹೋಗಬೇಕು. ಇವನು ಮೂರು ಲೋಟ ಕುಡಿದ. ಟೋಪಿಯನ್ನು ಮಂಡಿಯ ಮೇಲಿಟ್ಟುಕೊಳ್ಳುವ ಬದಲು ಪಿಯಾನೋ ಮೇಲಿಟ್ಟ.

"ನಿಮ್ಮ ಕಡೆಯವರೆಲ್ಲ ಎಲ್ಲಿರೋದು?" ಎಂದರು ಸಿದೊನಿ.

"ಕಾಂತಾಲ್ ಬೆಟ್ಟಗಳಲ್ಲಿ ಮೇಡಂ. ನಮ್ಮದು ಚೀಸ್. ತಾತನ ಕಾಲದಿಂದ."

"ಚೀಸ್ ಇಷ್ಟಪಡ್ತೀರಾ ಅಂತಲೇ?"

"ಮಾಡ್ತೀವಿ. ಮಾರ್ತೀವಿ. ಇಷ್ಟಾನೂ ಪಡ್ತೀವಿ."

ಲಿಯೊಂತಿನಳ ಗಂಟಲಲ್ಲಿ ಬಿಸ್ಕತ್ತು ಸಿಕ್ಕಿಕೊಂಡಿತು. ಎದ್ಮೆ ಅವನಿಗೆ ಹಸುಗಳ ಬಗ್ಗೆ ಕೇಳುತ್ತಲೇ ಹೋದಳು, ಅವನು ಹೇಳುತ್ತಲೇ ಹೋದ. ಮೇ ತಿಂಗಳ ಕೊನೆಗೆ ಹಸುಗಳನ್ನು ಬೆಟ್ಟಕ್ಕೆ ಹೊಡೆದುಕೊಂಡು ಹೋಗುತ್ತಾರಂತೆ. ಮೇಲೆ ಕಲ್ಲಿನ ಗುಡಿಸಲು. ಚಳಿ ಶುರುವಾಗುವವರೆಗೂ ಇಳಿಯುವುದಿಲ್ಲವಂತೆ. ಈ ಸಲ ಅಲ್ಲಿಯವರೆಗೆ ಪ್ಯಾರಿಸ್ಸಿನಲ್ಲೇ ಇದ್ದು ಒಂದೆರಡು ಅಂಗಡಿಯವರನ್ನು ಗೊತ್ತುಮಾಡಿಕೊಳ್ಳುವುದು ಅವನ ಕೆಲಸ.

"ಅಲ್ಲಿ ನಿಮಗೆ ಬೇಜಾರಾಗಲ್ವಾ?" ಎಂದಳು ಎದ್ಮೆ.

"ಹೋದ ವರ್ಷದವರೆಗೆ ಆಗ್ತಿರ್ಲಿಲ್ಲ," ಎಂದ ಅವನು. "ಈ ಸಲ ಆಗುತ್ತೆ ಅನ್ಸುತ್ತೆ." ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಹೊಳೆದು, ಕೆಂಪು ಕತ್ತು ಇನ್ನಷ್ಟು ಕೆಂಪಾಯಿತು.

ಶನಿವಾರ ಅವನ ಕಡೆಯಿಂದ ಉಡುಗೊರೆ ಬಂತು. ಹೂವಲ್ಲ. ಒಣಹುಲ್ಲಿನಲ್ಲಿ ಸುತ್ತಿದ, ಗಾಡಿಚಕ್ರದಂಥ ಒಂದು ಚೀಸ್. ಅದನ್ನು ನೆಲಮಾಳಿಗೆಗೆ ಇಳಿಸುವುದಕ್ಕೆ ಫಿರ್ಮಾಂ ಮತ್ತು ಗಾಡಿಯವನು ಇಬ್ಬರೂ ಬೇಕಾದರು.

"ಮದುವೆ ವಯಸ್ಸಿನ ಹುಡುಗಿಗೆ ಚೀಸ್ ಕಳಿಸೋ ಗಂಡಸನ್ನ ನಾನು ಈ ಜನ್ಮದಲ್ಲಿ ನೋಡಿರ್ಲಿಲ್ಲ," ಎಂದರು ಸಿದೊನಿ. "ಯುಲಾಲಿ, ಅದನ್ನ ಕೆಲಸದವರಿಗೆ ಹಂಚಿಬಿಡು."

ಯುಲಾಲಿ ಹಂಚಲಿಲ್ಲ. ಅಂಥ ಪದಾರ್ಥವನ್ನು ಕೆಲಸದವರ ಬಾಯಿಗೆ ಹಾಕಿ ಹಾಳುಮಾಡುವ ಪೈಕಿ ಅವಳಲ್ಲ. ಭಾನುವಾರ ಊಟದ ಕೊನೆಗೆ ತಟ್ಟೆಯಲ್ಲಿ ತೆಳ್ಳಗೆ ಕೊಯ್ದು, ಪಕ್ಕದಲ್ಲಿ ಅಕ್ರೋಟು ಇಟ್ಟು ಕಳಿಸಿದಳು. ಸಿದೊನಿ ಒಂದು ತುಂಡು ತಿಂದರು. ಇನ್ನೊಂದು ತೆಗೆದುಕೊಂಡರು.

"ಇದೆಲ್ಲಿಂದ ತಂದಿದ್ದು?"

"ಬೆಟ್ಟದಿಂದ ಅಜ್ಜಿ," ಎಂದಳು ಎದ್ಮೆ. "ಇನ್ನೊಂಚೂರು ಹಾಕ್ಲಾ?"

ಸಿದೊನಿಗೆ ಗೊತ್ತಾಯಿತು. ಬಾಯಲ್ಲಿದ್ದದ್ದನ್ನು ಉಗುಳುವ ಹಾಗಿಲ್ಲ, ನುಂಗಿದರು. ನುಂಗಿದ ಮೇಲೆ ಚಾಕು ಕೆಳಗಿಟ್ಟು, "ಮುಂದಿನ ಗುರುವಾರ ಆ ಮನುಷ್ಯ ಬಂದ್ರೆ ಬ್ಲಾಂಶ್ ಮನೇಲಿಲ್ಲ," ಎಂದರು. "ಫಿರ್ಮಾಂಗೆ ಹೇಳಿದೀನಿ."

"ಅಮ್ಮ ಎಲ್ಲಿಗೆ ಹೋಗ್ತಾಳೆ?"

"ಎಲ್ಲಿಗೂ ಹೋಗಲ್ಲ. ಇಲ್ಲೇ ಇರ್ತಾಳೆ. ಮನೇಲಿಲ್ಲ."

ಎದ್ಮೆ ತಾಯಿಯ ಕಡೆ ನೋಡಿದಳು. ಎಮಾರ್ ಅಕ್ರೋಟಿನ ಸಿಪ್ಪೆಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಿದ್ದ. ಬ್ಲಾಂಶ್ ಏನಾದರೂ ಹೇಳಬೇಕಿತ್ತು. ಗುರುವಾರ ಅವಳದು. ಆದರೆ ಇಷ್ಟು ವರ್ಷ ಅತ್ತೆಯ ಮಾತಿಗೆ ಎದುರಾಡಿ ಗೊತ್ತಿಲ್ಲದ ನಾಲಿಗೆ ಆ ಹೊತ್ತಿಗೆ ಏಳಲಿಲ್ಲ.

ಹಾಗೆ ಎರಡು ಗುರುವಾರ ಕಳೆದವು. ಎರಡು ಸಲವೂ ತಾಯಿ ಮಗಳು ಪರದೆಯ ಹಿಂದಿನಿಂದ ಅವನು ಅಂಗಳಕ್ಕೆ ಬರುವುದನ್ನು, ಫಿರ್ಮಾಂ ತಲೆ ಬಾಗಿಸಿ ಇಲ್ಲವೆನ್ನುವುದನ್ನು ನೋಡಿದರು. ಎರಡು ಸಲವೂ ಅವನು ತಾನೇ ಬಂದಿದ್ದೆನೆಂಬ ಗುರುತಿಗೆ ಮೂಲೆ ಮಡಿಚಿದ ಕಾರ್ಡು ಬಿಟ್ಟುಹೋದ. ಎರಡನೆಯ ಸಲ ಅಂಗಳದ ಮಧ್ಯೆ ನಿಂತು ಮೇಲೆ ಕಿಟಕಿಗಳನ್ನು ನೋಡಿದ. ಬ್ಲಾಂಶ್ ಪರದೆ ಬಿಟ್ಟಳು.

ಆ ಸಂಜೆ ಎದ್ಮೆ ಊಟಕ್ಕೆ ಇಳಿಯಲಿಲ್ಲ. ಬ್ಲಾಂಶ್ ತಾನೇ ಸೂಪಿನ ಬಟ್ಟಲು ಹಿಡಿದು ಮೇಲೆ ಹೋದಳು.

"ಮುಂದಿನ ವಾರ ಕಳೆದ್ರೆ ಅವರು ಊರಿಗೆ ಹೋಗ್ತಾರೆ," ಎಂದಳು ಎದ್ಮೆ, ಗೋಡೆಯ ಕಡೆ ತಿರುಗಿಕೊಂಡೇ. "ಚಳಿಗಾಲದೊಳಗೆ ಅಜ್ಜಿ ನನ್ನನ್ನ ಆ ಕುಳ್ಳನಿಗೆ ಕಟ್ಟಿರ್ತಾರೆ. ನೀನು ನೋಡ್ತಾ ನಿಂತಿರ್ತೀಯ."

"ನಾನೇನು ಮಾಡ್ಲಿ ಎದ್ಮೆ? ಮನೆ ಅವರದು."

"ನಿನಗೆ ಸಿಕ್ಕಿತಲ್ಲ! ಪ್ರತಿ ವರ್ಷ ಹೇಳ್ತೀಯಲ್ಲ, ಗಾಳಿ ಬಂತು, ಟೋಪಿ ಹಾರ್ತು ಅಂತ. ಗಾಳಿ ನಿನಗೊಬ್ಬಳಿಗೇನಾ ಬರೋದು?"

ಆ ಮಾತು ಬ್ಲಾಂಶಳಿಗೆ ಚೆನ್ನಾಗಿ ನಾಟಿತು. ಸೂಪಿನ ಬಟ್ಟಲು ಅಲ್ಲೇ ಇಟ್ಟು, ಮನಸ್ಸು ಬದಲಾಗುವ ಮುಂಚೆ ಅತ್ತೆಯ ಕೋಣೆಗೆ ಹೋದಳು. ಸಿದೊನಿ ರಾತ್ರಿಟೋಪಿ ಕಟ್ಟಿಕೊಂಡು ಬೆಂಕಿಯ ಮುಂದೆ ಕಾಲು ಚಾಚಿದ್ದರು.

"ಅತ್ತೆ, ಒಂದ್ಮಾತು. ನಾನೂ ಎಮಾರ್ ಆಕಸ್ಮಿಕವಾಗಿ ಸಿಕ್ಕವರು. ಯಾರೂ ಏರ್ಪಾಡು ಮಾಡಿದ್ದಲ್ಲ. ಆದ್ರೂ ಚೆನ್ನಾಗೇ ಬದುಕಿದೀವಿ. ಎದ್ಮೆಗೂ ಹಾಗೇ ಒಬ್ರು ಸಿಕ್ಕಿದಾರೆ. ಬಿರುದಿಲ್ಲ ಅನ್ನೋದೊಂದು ಬಿಟ್ರೆ..."

ಸಿದೊನಿ ಅವಳ ಕಡೆ ತಿರುಗಿ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸುಸ್ತಿತ್ತು.

"ಇಷ್ಟು ವರ್ಷ ನಿನಗೆ ಯಾರೂ ಹೇಳ್ಲೇ ಇಲ್ವೇನಮ್ಮ?"

"ಏನು?"

"ಆ ಟೋಪಿ ಪಿನ್ನು ಎಳೆದಿದ್ದು ನಿಮ್ಮಮ್ಮ. ನಾನು ಕೊಳದ ಆಕಡೆ ಕುರ್ಚಿ ಹಾಕ್ಕೊಂಡು ಕೂತಿದ್ದೆ. ಗಾಳಿ ಇರೋ ದಿನಾನೇ ನೋಡಿ ಗೊತ್ತುಮಾಡಿದ್ವಿ. ಎರಡು ದಿನ ಗಾಳಿ ಇಲ್ದೆ ಮುಂದಕ್ಕೆ ಹಾಕಿದ್ವಿ ಕೂಡ. ಎಮಾರ್‌ಗೆ ಎಲ್ಲಿ ನಿಲ್ಬೇಕು ಅಂತ ನಾನೇ ತೋರಿಸಿದ್ದೆ." ಬೆಂಕಿಯ ಕಡೆ ತಿರುಗಿದರು. "ಚೆನ್ನಾಗೇ ಬದುಕಿದೀರಿ ಅಂತ ನೀನೇ ಹೇಳ್ದೆ. ಅದಕ್ಕೇ ಹೇಳ್ತಿದೀನಿ, ಇದನ್ನೆಲ್ಲ ದೊಡ್ಡವರಿಗೆ ಬಿಡು."

ಕೆಳಗೆ ಎಮಾರ್ ಒಬ್ಬನೇ ಇಸ್ಪೀಟು ಎಲೆ ಜೋಡಿಸುತ್ತಿದ್ದ. ಬ್ಲಾಂಶ್ ಎದುರು ನಿಂತಳು.

"ನಿಮಗೆ ಗೊತ್ತಿತ್ತಾ? ಟೋಪಿ ವಿಷಯ?"

ಎಮಾರ್ ಕೈಯಲ್ಲಿದ್ದ ಎಲೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಇದ್ದ. "ಗೊತ್ತಿತ್ತು."

"ಮತ್ತೆ ಹೇಳ್ಲಿಲ್ಲ."

"ಮೊದಲ್ನೇ ವರ್ಷ ಹೇಳೋಣ ಅಂದ್ಕೊಂಡೆ. ನೀನು ಆ ಕಥೆ ಹೇಳ್ತಾ ಇದ್ದೆ, ಎಲ್ರೂ ಕೇಳ್ತಾ ಇದ್ರು. ಆಮೇಲೆ ಪ್ರತಿ ವರ್ಷಾನೂ ತಡವಾಗ್ತಾ ಹೋಯ್ತು." ಎಲೆಯನ್ನು ಕೆಳಗಿಟ್ಟ. "ಆದ್ರೂ ಹಿಡಿದಿದ್ದು ನಾನೇ ಅಲ್ವಾ ಬ್ಲಾಂಶ್?"

ಬ್ಲಾಂಶ್ ಅಳಲಿಲ್ಲ, ಕೂಗಾಡಲಿಲ್ಲ. ಹೋಗಿ ಮಲಗಿದಳು. ನಿದ್ದೆಯೂ ಬಂತು. ಬೆಳಿಗ್ಗೆ ಎದ್ದು ಯುಲಾಲಿಯ ಜೊತೆ ಕೂತು ಹಾಸಿಗೆಯ ಹೊದಿಕೆಗಳಲ್ಲಿ ಹರಿದವನ್ನು ಬೇರೆ ತೆಗೆದಳು. ದೀಪಗಳ ಗಾಜು ಒರೆಸಿಸಿದಳು. ಅಂಗಡಿಯಿಂದ ಬಂದ ಕೋಳಿ ಎಳೆಯದಲ್ಲವೆಂದು ವಾಪಸು ಕಳಿಸಿದಳು. ಊಟದಲ್ಲಿ ಏನು ಬಡಿಸಿದರೂ ತಿಂದಳು. ಉಪ್ಪು ಜಾಸ್ತಿಯೆಂದು ಎಲ್ಲರೂ ತಟ್ಟೆ ಸರಿಸಿದ ದಿನ ಅವಳ ತಟ್ಟೆ ಮಾತ್ರ ಖಾಲಿಯಾಗಿತ್ತು. ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಸತ್ತುಹೋದ ತನ್ನ ತಾಯಿಯ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದಳು, ಬರಲಿಲ್ಲ. ಗಂಡನ ಮುಖ ನೋಡಿದಳು. ಒಳ್ಳೆಯ ಮುಖವೇ. ಅದನ್ನು ನೋಡಿಯೂ ಏನೂ ಅನ್ನಿಸಲಿಲ್ಲ. ಎಮಾರ್ ಅವಳ ಎದುರು ಕುರ್ಚಿ ಎಳೆದುಕೊಂಡು ಕೂರುತ್ತಿದ್ದ, ಏನೂ ಹೇಳದೆ ಎದ್ದುಹೋಗುತ್ತಿದ್ದ. ಎದ್ಮೆ ತಾಯಿಯ ಜೊತೆ ಮಾತು ಬಿಟ್ಟಿದ್ದಳು. ಅದೂ ಬ್ಲಾಂಶಳಿಗೆ ದೂರದ ಬೀದಿಯಲ್ಲಿ ಯಾರದೋ ಗಾಡಿ ಹೋದ ಹಾಗೆ ಕೇಳಿಸುತ್ತಿತ್ತು.

ಆ ಸ್ಥಿತಿಯಲ್ಲಿದ್ದ ಸೊಸೆ ಸಿದೊನಿಗೆ ಬಹಳ ಅನುಕೂಲವಾಗಿ ಕಂಡಳು. ಮಂಗಳವಾರ ಅವಳನ್ನು ಕರೆದು ಬಾಗಿಲು ಹಾಕಿಸಿದರು.

"ಗೊಂತ್ರಾಂ ಕಡೆಯವರು ಇನ್ನೊಂದು ಅವಕಾಶ ಕೊಟ್ಟಿದಾರೆ. ನಾಳೆ ತ್ವಿಲರಿಯಲ್ಲಿ, ಅದೇ ಕೊಳದ ಹತ್ತಿರ. ಗಾಳಿ ಎದ್ದಿದೆ. ನಾನು ಗೇಟಿನ ಹತ್ತಿರ ಗಾಡೀಲಿ ಕೂತಿರ್ತೀನಿ. ನಿಮ್ಮಮ್ಮ ನಿನಗೆ ಮಾಡಿದ್ದನ್ನ ನೀನು ನಿನ್ನ ಮಗಳಿಗೆ ಮಾಡು. ಅವಳ ಟೋಪಿಗೆ ಒಂದೇ ಪಿನ್ನು ಸಾಕು. ಸಡಿಲವಾಗಿ."

"ಆಗ್ಲಿ ಅತ್ತೆ," ಎಂದಳು ಬ್ಲಾಂಶ್.

ಬುಧವಾರ ಗಾಳಿ ಜೋರಾಗಿಯೇ ಇತ್ತು. ಮಗಳ ಟೋಪಿಯನ್ನು ತಾನೇ ಕೂರಿಸುತ್ತೇನೆಂದು ಬ್ಲಾಂಶ್ ಸೇವಕಿಯನ್ನು ಹೊರಗೆ ಕಳಿಸಿದಳು. ಎದ್ಮೆ ಕನ್ನಡಿಯ ಮುಂದೆ ಕಲ್ಲಿನಂತೆ ಕೂತಿದ್ದಳು. ಅಗಲ ಅಂಚಿನ ಬಿಳಿ ಟೋಪಿ. ಬ್ಲಾಂಶ್ ಒಂದು ಪಿನ್ನು ಚುಚ್ಚಿದಳು. ಇನ್ನೊಂದು ಚುಚ್ಚಿದಳು. ಪೆಟ್ಟಿಗೆಯಲ್ಲಿದ್ದದ್ದು ಮುಗಿದ ಮೇಲೆ ತನ್ನ ಟೋಪಿಯಲ್ಲಿದ್ದ ಉದ್ದನೆಯ ಪಿನ್ನುಗಳನ್ನೂ ಎಳೆದು, ಅವನ್ನೂ ಮಗಳ ಕೂದಲಿಗೆ ಅಡ್ಡಡ್ಡ ಸಿಕ್ಕಿಸಿದಳು.

"ಅಮ್ಮಾ, ನೋಯುತ್ತೆ."

"ನೋಯ್ಲಿ," ಎಂದಳು ಬ್ಲಾಂಶ್.

ಎದ್ಮೆ ಕನ್ನಡಿಯೊಳಗಿಂದ ತಾಯಿಯನ್ನು ನೋಡಿದಳು. ಏನೂ ಅರ್ಥವಾಗಲಿಲ್ಲ.

ಕೊಳದ ಪಕ್ಕದಲ್ಲಿ ವಿಕೋಂತ್ ಗೊಂತ್ರಾಂ ಮೊದಲೇ ನಿಂತಿದ್ದ. ಕುಳ್ಳಗೆ, ಶಿಸ್ತಾಗಿ, ಓಡುವುದಕ್ಕೆ ಅನುಕೂಲವಾಗುವಂತೆ ಕೋಟಿನ ಗುಂಡಿ ಬಿಚ್ಚಿಕೊಂಡು. ಅವನ ಬೆನ್ನ ಹಿಂದೆ ಲಿಯೊಂತಿನ್ ಯಾವುದೋ ಪ್ರತಿಮೆಯನ್ನು ನೋಡುವ ನಟನೆಯಲ್ಲಿದ್ದಳು. ಎಮಾರ್‌ಗೆ ದೂರದ ಬೆಂಚಿನಲ್ಲಿ ಪತ್ರಿಕೆ ಹಿಡಿದು ಕೂರಬೇಕೆಂದು ಅಪ್ಪಣೆಯಾಗಿತ್ತು, ಕೂತಿದ್ದ. ಗೇಟಿನ ಹೊರಗೆ ಗಾಡಿಯ ಕಿಟಕಿಯಲ್ಲಿ ಸಿದೊನಿಯ ಮುಖ.

ತಾಯಿ ಮಗಳು ಕೊಳಕ್ಕೆ ಒಂದು ಸುತ್ತು ಬಂದರು. ಗಾಳಿ ಬೀಸಿತು. ಎದ್ಮೆಯ ಟೋಪಿ ಅಲುಗಲಿಲ್ಲ. ಗೊಂತ್ರಾಂ ಅದನ್ನೇ ನೋಡುತ್ತಿದ್ದ. ಎರಡನೇ ಸುತ್ತಿಗೆ ಲಿಯೊಂತಿನ್ ಕೈಸನ್ನೆ ಮಾಡಿದಳು. ಎದ್ಮೆಗೆ ಆಗ ಎಲ್ಲ ಹೊಳೆಯಿತು. ತಲೆಯ ಮೇಲೆ ಕೈಯಿಟ್ಟು ಪಿನ್ನುಗಳ ಮೇಲೆ ಬೆರಳಾಡಿಸಿದಳು, ಒಂದಾದ ಮೇಲೊಂದು.

"ಅಮ್ಮಾ..."

ಅಷ್ಟರಲ್ಲಿ ಇನ್ನೊಂದು ಗಾಳಿ ಬಂತು. ಪಿನ್ನಿಲ್ಲದ ಬ್ಲಾಂಶಳ ಟೋಪಿ ತಲೆಯಿಂದ ಎದ್ದು, ಅವಳ ಕಣ್ಣೆದುರೇ ಜಲ್ಲಿಯ ಮೇಲೆ ಉರುಳುರುಳಿ ಹೋಯಿತು. ಗೊಂತ್ರಾಂನ ಬೂಟನ್ನು ಸವರಿಕೊಂಡೇ ಹೋಯಿತು. ಅವನು ಕೆಳಗೆ ನೋಡಿದ, ಬಗ್ಗಲಿಲ್ಲ. ಅವನು ಹಿಡಿಯಬೇಕಾದ್ದು ಬಿಳಿ ಟೋಪಿ. ಇದು ಬೂದುಬಣ್ಣದ್ದು. ತಪ್ಪು ಟೋಪಿ ಹಿಡಿದುಬಿಟ್ಟರೆ ಮುಂದೇನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪಾಪ, ಲಿಯೊಂತಿನಳ ಕಡೆ ನೋಡಿದ.

ಟೋಪಿ ಕೊಳದ ಕಟ್ಟೆ ಹತ್ತಿ ನೀರಿಗೆ ಬಿತ್ತು.

ಆಗ ಬೆಂಚಿನ ಕಡೆಯಿಂದ ಯಾರೋ ಓಡಿಬಂದರು. ಎಮಾರ್. ಐವತ್ತರ ಹೊಟ್ಟೆ ಹೊತ್ತುಕೊಂಡು, ಪತ್ರಿಕೆಯನ್ನು ಗಾಳಿಗೆ ಬಿಟ್ಟು, ಇಡೀ ಉದ್ಯಾನ ನೋಡುತ್ತಿದ್ದ ಹಾಗೆಯೇ ಓಡಿಬಂದ. ಕಟ್ಟೆ ದಾಟಿ ಬೂಟುಗಾಲಲ್ಲೇ ನೀರಿಗಿಳಿದು ಕೈ ಚಾಚಿದ. ಸಿಗಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟ. ಟೋಪಿ ಅಲೆಯ ಮೇಲೆ ಮೆಲ್ಲಗೆ ತಿರುಗುತ್ತ ನಡುನೀರಿಗೆ ಹೋಗಿ, ಒಂದು ಕಡೆ ಭಾರವಾಗಿ, ಮುಳುಗಿತು.

ಎಮಾರ್ ಮಂಡಿಯವರೆಗಿನ ನೀರಿನಲ್ಲಿ ನಿಂತು ಹೆಂಡತಿಯ ಕಡೆ ತಿರುಗಿದ. ಏದುಸಿರು ಬಿಡುತ್ತಿದ್ದ.

"ಈ ಸಲ ಸಿಗ್ಲಿಲ್ಲ," ಎಂದ.

ಬ್ಲಾಂಶಳ ಕೂದಲು ಬಿಚ್ಚಿ ಮುಖದ ಮೇಲೆ ಹಾರಾಡುತ್ತಿತ್ತು. ಎಷ್ಟೋ ದಿನಗಳ ಮೇಲೆ ಅವಳಿಗೆ ಚಳಿಯಾಯಿತು. ಕಿವಿ, ಕತ್ತು, ನೆತ್ತಿ ಎಲ್ಲ ಚಳಿ. ಎದೆಯಲ್ಲಿ ಏನೋ ನೋಯಿತು. ನೋವು ಮತ್ತೆ ಬಂದದ್ದಕ್ಕೆ ಅವಳಿಗೆ ಸಂತೋಷವೇ ಆಯಿತು.

"ಮೇಲೆ ಬನ್ನಿ," ಎಂದಳು ಗಂಡನಿಗೆ. "ನೆಗಡಿಯಾಗುತ್ತೆ."

ಮನೆಗೆ ಹೋಗುವಾಗ ಗಾಡಿಯಲ್ಲಿ ಎಮಾರ್‌ನ ಬೂಟಿನಿಂದ ನೀರು ಸೋರಿ ಸಿದೊನಿಯ ಕಾಲಡಿಯ ಕಂಬಳಿ ಒದ್ದೆಯಾಯಿತು.

"ಪಿನ್ನು ಎಳೆಯೋಕೆ ನಿನ್ನ ಕೈ ಯಾಕೆ ಮೇಲೇಳ್ಲಿಲ್ಲ?" ಎಂದರು ಸಿದೊನಿ.

"ಎದ್ದಿತ್ತು ಅತ್ತೆ. ಬೆಳಿಗ್ಗೇನೇ. ಎಲ್ಲಾ ಪಿನ್ನೂ ನಾನೇ ಚುಚ್ಚಿದ್ದು."

"ಆ ಚೀಸಿನವನಿಗೆ ನನ್ನ ಮನೆ ಬಾಗಿಲು ತೆಗೆಯೋದಿಲ್ಲ. ಕೇಳಿಸ್ತಾ?"

"ಕೇಳಿಸ್ತು," ಎಂದಳು ಬ್ಲಾಂಶ್. ಎದ್ಮೆ ತಾಯಿಯ ಕೈಯನ್ನು ಹುಡುಕಿ ಹಿಡಿದುಕೊಂಡಳು.

ಮರುದಿನ ಗುರುವಾರ. ಎದ್ಮೆ ಬೆಳಗಿನಿಂದ ಒಂದು ಪುಸ್ತಕವನ್ನು ಒಂದೇ ಪುಟದಲ್ಲಿ ಹಿಡಿದು ಕೂತಿದ್ದಳು. ಎಮಾರ್ ನಿಜವಾಗಿಯೂ ನೆಗಡಿ ಹಿಡಿಸಿಕೊಂಡು, ಕಾಲಿಗೆ ಸಾಸಿವೆ ಬಿಸಿನೀರು ಹಾಕಿಸಿಕೊಂಡು, ಆದರೂ ಮಲಗದೆ ದಿವಾನಖಾನೆಗೆ ಬಂದು ಕೂತಿದ್ದ. ಎರಡು ಸಲ ಬಾಗಿಲಿನಿಂದಲೇ ವಾಪಸಾದವನು ಮೂರನೇ ಸಲ ಬರುತ್ತಾನೆಂದು ಯಾರು ಹೇಳಬೇಕು? ನಾಳೆ ಅವನು ಊರಿಗೆ ಹೊರಡುವವನು. ಚಹಾ ಬಂತು, ಆರಿತು, ಮತ್ತೆ ಬಂತು. ಲಿಯೊಂತಿನ್ ಒಂದಾದ ಮೇಲೊಂದು ಬಿಸ್ಕತ್ತು ತಿಂದಳು. ಸಿದೊನಿ ಮೂಲೆಯ ಕುರ್ಚಿಯಲ್ಲಿ ಕೋಲಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದರು.

ಅಂಗಳದಲ್ಲಿ ಹೆಜ್ಜೆ ಕೇಳಿಸಿತು. ಎದ್ಮೆ ಪರದೆಯ ಹತ್ತಿರ ಹೋಗಲಿಲ್ಲ. ಬ್ಲಾಂಶಳ ಮುಖ ನೋಡಿದಳಷ್ಟೇ.

ಬ್ಲಾಂಶ್ ಎದ್ದಳು.

"ಕೂತ್ಕೋ," ಎಂದರು ಸಿದೊನಿ.

ಬ್ಲಾಂಶ್ ದಿವಾನಖಾನೆಯ ಬಾಗಿಲು ತೆರೆದು ಮೆಟ್ಟಿಲ ತುದಿಗೆ ಬಂದಳು. ಕೆಳಗೆ ಹೊರಬಾಗಿಲು ಅರ್ಧ ತೆರೆದಿತ್ತು. ಸಂದಿಯಲ್ಲಿ ಪ್ರಯಾಣದ ಕೋಟು, ಕೆಂಪು ಕತ್ತು, ಮೂಲೆ ಮಡಿಚಿ ಸಿದ್ಧವಾಗಿಟ್ಟುಕೊಂಡ ಕಾರ್ಡು.

"ಮೇಡಂ ಮನೆಯಲ್ಲಿಲ್ಲ ಮುಸ್ಯು," ಎಂದ ಫಿರ್ಮಾಂ, ತಲೆ ಬಾಗಿಸಿ.

"ಇದೀನಿ," ಎಂದಳು ಬ್ಲಾಂಶ್.

ದನಿ ಕೆಳಗಿನವರೆಗೆ ಮುಟ್ಟಲಿಲ್ಲ. ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಅವಳ ಹಿಂದೆ, ದಿವಾನಖಾನೆಯ ನೆಲದ ಮೇಲೆ ಸಿದೊನಿಯ ಕೋಲು ಒಂದು ಸಲ ಬಡಿಯಿತು, ಇನ್ನೊಂದು ಸಲ ಬಡಿಯಿತು. ಬ್ಲಾಂಶ್ ಕಟಾಂಜನ ಹಿಡಿದು, ಇಡೀ ಮನೆಗೆ ಕೇಳುವ ಹಾಗೆ ಕೂಗಿದಳು.

"ಫಿರ್ಮಾಂ, ಬಾಗಿಲು ತೆಗಿ. ನಾನು ಮನೇಲೇ ಇದೀನಿ."